ವಾದಿರಾಜ ನಗದೇ ಇದ್ದ ವರ್ಷ

ಅಂಬುಜಾ ವಿಮಾ ಕಚೇರಿಯಿಂದ ನಿವೃತ್ತಳಾದದ್ದು ಜೂನ್ ತಿಂಗಳ ಕೊನೆಗೆ. ಅದಾದ ಮೊದಲ ಶನಿವಾರ ಮಧ್ಯಾಹ್ನ, ತಮ್ಮ ವಾದಿರಾಜ ಊಟ ಮುಗಿಸಿ ಮಲಗಿದ್ದ ಹೊತ್ತಿನಲ್ಲಿ, ಅವಳು ಶೇಷಮ್ಮನನ್ನು ಕೆಲಸ ಬಿಡಿಸಿ ಕಳಿಸಿಕೊಟ್ಟಳು.

ಶೇಷಮ್ಮ ಯಾದಗಿರಿ ಕಡೆಯವಳು. ಗಂಡನ ಜೊತೆ ಬೆಂಗಳೂರಿಗೆ ಬಂದು ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದಳು. ಹನ್ನೊಂದು ವರ್ಷ, ಬೆಳಿಗ್ಗೆ ಎಂಟೂವರೆಗೆ ಜೀವನ್ ಬಿಮಾ ನಗರದ ಈ ಮನೆಗೆ ಬಂದು ಸಂಜೆ ಆರರವರೆಗೆ ವಾದಿರಾಜನನ್ನು ನೋಡಿಕೊಂಡಿದ್ದಳು. ಅಂಬುಜಾ ಕೊಟ್ಟ ಸೀರೆಯನ್ನು ಚೀಲಕ್ಕೆ ಹಾಕಿಕೊಂಡವಳು ಮಲಗುವ ಕೋಣೆಯ ಬಾಗಿಲ ಕಡೆ ನೋಡುತ್ತ ನಿಂತಳು.

"ಅವರು ಎದ್ದ ಮ್ಯಾಗ ಒಂದ್ ಮಾತು ಹೇಳಿ ಹೋಗ್ತೀನ್ರಿ ಅಕ್ಕಾರ."

"ಬೇಡ ಶೇಷಮ್ಮ. ನೀನು ಹೋಗೋದು ನೋಡಿದ್ರೆ ಹಟ ಮಾಡ್ತಾನೆ. ನಾಲ್ಕು ದಿನ ಕಳೆದ್ರೆ ಮರೆತುಬಿಡ್ತಾನೆ. ಅವನಿಗೇನು ಗೊತ್ತಾಗುತ್ತೆ, ಪಾಪ."

ಶೇಷಮ್ಮ ಚಪ್ಪಲಿಯ ಸದ್ದಾಗದಂತೆ ಮೆಟ್ಟಿಲಿಳಿದು ಹೋದಳು.

ವಾದಿರಾಜನಿಗೆ ಆಗ ನಲವತ್ತಾರು ವರ್ಷ. ಹುಟ್ಟುವಾಗಲೇ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾಗಿತ್ತು. ಅವನ ಬುದ್ಧಿ ಎರಡು ವರ್ಷದ ಮಗುವಿನಷ್ಟು ಎಂದು ಯಾವುದೋ ಕಾಲದಲ್ಲಿ ವೈದ್ಯರೊಬ್ಬರು ಬರೆದುಕೊಟ್ಟ ಕಾಗದ ಬೀರುವಿನಲ್ಲಿತ್ತು. ನಡೆಯಬಲ್ಲ, ಕೈಗೆ ಕೊಟ್ಟರೆ ತಿನ್ನಬಲ್ಲ. ಸ್ನಾನ, ಬಟ್ಟೆ, ಕಕ್ಕಸು ಎಲ್ಲದಕ್ಕೂ ಇನ್ನೊಬ್ಬರು ಬೇಕು. ಮಾತು ಎಂದರೆ ಐದಾರು ಶಬ್ದಗಳು ಮಾತ್ರ. ತಂದೆ ಯಜ್ಞನಾರಾಯಣರು ಕಾರ್ಖಾನೆಯ ನೌಕರಿಯಲ್ಲಿರುವಾಗಲೇ ತೀರಿಕೊಂಡರು. ಕೆಲವು ವರ್ಷಗಳ ನಂತರ ತಾಯಿಯೂ ಹೋದರು. ಅಂಬುಜಾ ಮದುವೆಯಾಗಲಿಲ್ಲ. ಬೇಡ ಎಂದು ಯಾರೂ ತಡೆದಿರಲಿಲ್ಲ, ಮಾಡಿಕೋ ಎಂದು ಯಾರೂ ಒತ್ತಾಯಿಸಿಯೂ ಇರಲಿಲ್ಲ. ದಿನಗಳು ಕಚೇರಿಯಲ್ಲಿ ಕಳೆದುಹೋದವು. ನಿವೃತ್ತಿಯಾದ ಮೇಲೆ ಇಡೀ ದಿನ ತಮ್ಮನ ಜೊತೆಗಿರಬೇಕು, ಅವನ ಕೆಲಸವನ್ನೆಲ್ಲ ತಾನೇ ಮಾಡಬೇಕು ಎಂದು ಅವಳು ಬಹಳ ವರ್ಷಗಳಿಂದ ಅಂದುಕೊಂಡಿದ್ದಳು. ಆ ಆಸೆ ನಿಜವಾದದ್ದೇ.

ಮೊದಲ ವಾರ ವಾದಿರಾಜ ಬೆಳಿಗ್ಗೆ ಎಂಟೂವರೆಗೆ ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದ. ಕರೆದರೆ ಬರುತ್ತಿರಲಿಲ್ಲ. ಅಂಬುಜಾ ಟಿವಿ ಹಾಕಿದಳು, ಕೈಗೆ ಚಕ್ಕುಲಿ ಕೊಟ್ಟಳು. ಎರಡನೆಯ ವಾರದ ಹೊತ್ತಿಗೆ ಅವನು ಬಾಗಿಲಿಗೆ ಹೋಗುವುದನ್ನು ಬಿಟ್ಟ. ಮರೆತ ಎಂದುಕೊಂಡಳು. ಮೊದಲೆಲ್ಲ ಜೋರಾಗಿ ಕೂಗುತ್ತಿದ್ದವನು, ಕುಕ್ಕರಿನ ಶಿಳ್ಳೆಗೆ ಚಪ್ಪಾಳೆ ತಟ್ಟುತ್ತಿದ್ದವನು ಈಗ ಗೋಡೆಗೆ ಆನಿಕೊಂಡು ಸುಮ್ಮನೆ ಕೂರುತ್ತಿದ್ದ. ಪಕ್ಕದ ಮನೆಯ ಸುಭದ್ರಮ್ಮ, "ನಿಮ್ಮ ತಮ್ಮ ಈಗ ಎಷ್ಟು ಸಾಧು ಆಗ್ಬಿಟ್ಟಿದಾನೆ ಅಂಬುಜಾ, ಅಕ್ಕ ಮನೇಲಿರೋದು ಅಂದ್ರೆ ಹಾಗೆ" ಎಂದರು. ಅಂಬುಜಾಳಿಗೆ ಹಿತವಾಯಿತು. ಎರಡು ತಿಂಗಳು ಆ ಮೌನವನ್ನು ಅವಳು ನೆಮ್ಮದಿ ಎಂದೇ ತಿಳಿದಿದ್ದಳು. ಮುಂದೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ಹೆಚ್ಚು ನೋವು ಕೊಟ್ಟದ್ದು ಈ ಎರಡು ತಿಂಗಳೇ.

ಸೆಪ್ಟೆಂಬರಿನಲ್ಲಿ ಅವನು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ನುಂಗದೆ ಕೂರತೊಡಗಿದ. ಬೆಳಕು ಹರಿಯುವುದಕ್ಕೆ ಬಹಳ ಮೊದಲೇ ಎದ್ದು ಹಾಸಿಗೆಯ ಮೇಲೆ ಕೂತಿರುತ್ತಿದ್ದ. ಹೆಬ್ಬೆರಳ ಬುಡವನ್ನು ಕಚ್ಚಿ ಕಚ್ಚಿ ಅಲ್ಲಿ ಹುಣ್ಣಾಯಿತು. ಆಗಾಗ "ಯಪ್ಪಾ" ಎಂದು ಸಣ್ಣಗೆ ನರಳುತ್ತಿದ್ದ. ತೀರಿಹೋದ ತಂದೆಯನ್ನು ಕರೆಯುತ್ತಿದ್ದಾನೆ ಎಂದುಕೊಂಡ ಅಂಬುಜಾ ಗೋಡೆಯ ಮೇಲಿದ್ದ ಯಜ್ಞನಾರಾಯಣರ ಫೋಟೊವನ್ನು ಇಳಿಸಿ ಅವನೆದುರು ಹಿಡಿದಳು. ಅವನು ಅದರ ಕಡೆ ನೋಡಲೇ ಇಲ್ಲ.

ಮನೆಗೆ ಹತ್ತಿರದಲ್ಲಿದ್ದ ಡಾಕ್ಟರ್ ಮುರಳಿಯವರು ಅವನ ಕೈ ನೋಡಿದರು. "ಇಂಥವರಿಗೆ ವಯಸ್ಸಾಗ್ತಾ ಆಗ್ತಾ ಹೀಗೇ ಮೇಡಂ. ಇದು ಅವರ ಸ್ವಭಾವ. ಸ್ವಲ್ಪ ಶಾಂತವಾಗಿರೋಕೆ ಮಾತ್ರೆ ಕೊಡ್ತೀನಿ" ಎಂದರು. ಮಾತ್ರೆಗೆ ಕಚ್ಚುವುದು ಕಡಿಮೆಯಾಯಿತು. ಜೊತೆಗೆ ಉಳಿದದ್ದೆಲ್ಲವೂ ಕಡಿಮೆಯಾಯಿತು. ಹಗಲೆಲ್ಲ ತೂಕಡಿಸುತ್ತಿದ್ದ, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಲೋಟ ಹಿಡಿದರೆ ಜಾರುತ್ತಿತ್ತು. ನವೆಂಬರಿನ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದು ಹುಬ್ಬಿನ ಮೇಲೆ ಸೀಳಿಕೊಂಡ. ಹಲಸೂರಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ಹೊಲಿಗೆ ಹಾಕಿದರು. ಹೊಲಿಗೆ ಹಾಕುವಾಗ ಅವನು ಅಳಲಿಲ್ಲ, ಕೊಸರಾಡಲಿಲ್ಲ. ಅದನ್ನು ಗಮನಿಸಿದ ನರ್ಸ್, "ಮೇಲ್ಗಡೆ ಗಗನಾ ಮೇಡಂ ಇದಾರೆ, ಮನೋವೈದ್ಯರು. ಒಂದ್ಸಲ ತೋರಿಸ್ಕೊಂಡು ಹೋಗಿ" ಎಂದಳು.

ಗಗನಾ ಮೂವತ್ತೈದರ ಆಸುಪಾಸಿನ ಹೆಂಗಸು. ಕುರ್ಚಿ ಬಿಟ್ಟೆದ್ದು ವಾದಿರಾಜನ ಎದುರು ಒಂದು ಸ್ಟೂಲ್ ಎಳೆದುಕೊಂಡು ಕೂತಳು. ತುಂಬ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಅಂಬುಜಾಳನ್ನು ಕೇಳಿದಳು:

"ಇವರು ಕೊನೇ ಸಲ ನಕ್ಕಿದ್ದು ಯಾವಾಗ?"

ಅಂಬುಜಾ ಯೋಚಿಸಿದಳು. ದಸರಾದಲ್ಲಿ ಇಲ್ಲ. ಗಣೇಶನ ಹಬ್ಬದಲ್ಲೂ ಇಲ್ಲ. "ನೆನಪಾಗ್ತಿಲ್ಲ ಡಾಕ್ಟ್ರೇ" ಎಂದಳು.

"ಇದು ಖಿನ್ನತೆ ಇರಬಹುದು ಅಂತ ನನಗೆ ಅನ್ನಿಸ್ತಿದೆ."

"ಡಿಪ್ರೆಶನ್ನಾ? ಇವನಿಗಾ? ಅದೆಲ್ಲ ಯೋಚನೆ ಮಾಡೋರಿಗೆ ಬರೋದಲ್ವಾ?"

"ಎಲ್ಲರಿಗೂ ಬರುತ್ತೆ ಮೇಡಂ. ಬೇಜಾರಾಗಿದೆ ಅಂತ ಇವರು ನಮಗೆ ಹೇಳೋಕಾಗಲ್ಲ. ಊಟ ಬಿಡ್ತಾರೆ, ನಿದ್ದೆ ಬಿಡ್ತಾರೆ, ಕೈ ಕಚ್ಕೋತಾರೆ. ಎಲ್ಲರೂ ಅದನ್ನ ಸ್ವಭಾವ ಅಂತ ಹೇಳಿ ಬಿಟ್ಬಿಡ್ತಾರೆ. ಆದ್ರೆ ನಾನೂ ಆತುರ ಪಡಲ್ಲ. ಮೊದಲು ಮೈಯಲ್ಲಿ ಏನಾದ್ರೂ ನೋವಿದೆಯಾ ನೋಡೋಣ."

ರಕ್ತ ಪರೀಕ್ಷೆಯಾಯಿತು. ಥೈರಾಯ್ಡ್ ಸರಿಯಿತ್ತು. ಕಿವಿ ನೋಡಿದರು. ದವಡೆಯಲ್ಲಿ ಒಂದು ಹಲ್ಲು ಹುಳುಕಾಗಿತ್ತು, ಕೀಳಿಸಿದರು. ಮುರಳಿಯವರ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಒಂದು ವಾರ ಅವನು ಎರಡು ತುತ್ತು ಹೆಚ್ಚಿಗೆ ತಿಂದ. ಆಮೇಲೆ ಮತ್ತೆ ಅದೇ ಗೋಡೆ, ಅದೇ ಮೂಲೆ. ಗಗನಾ ಹೇಳಿದಂತೆ ಅಂಬುಜಾ ದಿನವೂ ಬರೆದಿಟ್ಟಳು: ಎಷ್ಟು ಹೊತ್ತು ಮಲಗಿದ, ಏನು ತಿಂದ, ಎಷ್ಟು ಸಲ ಕಚ್ಚಿಕೊಂಡ, ಯಾವುದನ್ನಾದರೂ ಆಸೆಯಿಂದ ನೋಡಿದನೇ. ಕೊನೆಯ ಪ್ರಶ್ನೆಯ ಎದುರು ಮೂರು ವಾರವೂ "ಇಲ್ಲ" ಎಂದೇ ಇತ್ತು. ಜೂನ್‌ನಲ್ಲಿ ಎಪ್ಪತ್ತೊಂದು ಕೆಜಿ ಇದ್ದವನು ಅರವತ್ತೆರಡಕ್ಕೆ ಇಳಿದಿದ್ದ.

ಡಿಸೆಂಬರ್ ಮೊದಲ ವಾರ ಗಗನಾ ಖಿನ್ನತೆಯ ಮಾತ್ರೆಯನ್ನು ತುಂಬ ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟಳು. "ಮೊದಲ ವಾರ ಹೊಟ್ಟೆ ತೊಳಸಬಹುದು. ಗುಣ ಕಾಣಿಸೋಕೆ ಆರು ವಾರ ಬೇಕು. ಆದ್ರೆ ಬರೀ ಮಾತ್ರೆಯಿಂದ ಆಗಲ್ಲ. ಈ ವರ್ಷ ಇವರ ಜೀವನದಲ್ಲಿ ಏನು ಬದಲಾಯ್ತು?"

"ಏನೂ ಇಲ್ಲ. ನಾನು ರಿಟೈರ್ ಆದೆ. ಈಗ ಇಡೀ ದಿನ ಇವನ ಜೊತೆಗೇ ಇರ್ತೀನಿ."

"ಅದಕ್ಕೆ ಮುಂಚೆ ಹಗಲು ಯಾರಿದ್ರು?"

"ಶೇಷಮ್ಮ ಅಂತ ಒಬ್ಬಳು ಬರ್ತಿದ್ಳು."

"ಎಷ್ಟು ವರ್ಷ?"

"ಹನ್ನೊಂದು."

"ಹೋಗುವಾಗ ಇವರಿಗೆ ಹೇಳಿ ಹೋದ್ರಾ?"

ಅಂಬುಜಾ ತನ್ನ ಕೈಚೀಲದ ಜಿಪ್ಪನ್ನು ಎಳೆದಳು, ಮತ್ತೆ ತೆಗೆದಳು. "ಇವನು ಮಲಗಿದ್ದ" ಎಂದಳು.

ಗಗನಾ ಬೈಯಲಿಲ್ಲ. ಬೈದಿದ್ದರೆ ಅಂಬುಜಾ ಏನಾದರೂ ಸಮಜಾಯಿಷಿ ಹೇಳಬಹುದಿತ್ತು.

ಆಸ್ಪತ್ರೆಯ ಗೇಟಿನ ಹೊರಗೆ ಆಟೊ ನಿಲ್ದಾಣ. ಮೊದಲ ಆಟೊದ ಚಾಲಕ, ಬಿಳಿ ಗಡ್ಡದವನು, ವಾದಿರಾಜನನ್ನು ಕಂಡು ಎದ್ದು ಬಂದ.

"ಏನ್ ಸಾಹೇಬ್ರೆ, ಎಲ್ಲೋಗ್ಬಿಟ್ರಿ ಇಷ್ಟು ದಿನ?"

ವಾದಿರಾಜ ತಲೆಯೆತ್ತಿದ. ತಿಂಗಳುಗಳ ನಂತರ ಅವನು ಒಬ್ಬ ಮನುಷ್ಯನ ಮುಖ ನೋಡಿದ್ದನ್ನು ಅಂಬುಜಾ ಕಂಡಳು. ಯಾರ ಸಹಾಯವೂ ಇಲ್ಲದೆ ಅವನು ಆಟೊ ಹತ್ತಿ, ಎಡಗಡೆ ಕೂತು, ಚಾಲಕನ ಬೆನ್ನ ಹಿಂದಿನ ಕಂಬಿಯನ್ನು ಹಿಡಿದುಕೊಂಡ.

"ಇವನು ನಿಮಗೆ ಗೊತ್ತಾ?" ಎಂದಳು ಅಂಬುಜಾ.

"ನಾನು ಶಫಿ, ಮೇಡಂ. ನಿಮ್ಗೆ ಗೊತ್ತಿಲ್ವಾ? ಪ್ರತಿ ಗುರುವಾರ ಶೇಷಮ್ಮ ಇವ್ರನ್ನ ಕರ್ಕೊಂಡು ಬರೋಳು. ನಾನೇ ಮನೆಯಿಂದ ಕೆರೆಗೆ ಬಿಡೋದು, ವಾಪಸ್ ಕರ್ಕೊಂಡು ಹೋಗೋದು. ಐದಾರು ವರ್ಷದಿಂದ."

ಅಂಬುಜಾಳಿಗೆ ಗೊತ್ತಿರಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಶೇಷಮ್ಮ ಹೇಳಿರಲಿಲ್ಲವೇನೋ. ಶಫಿ ಕೇಳದೆಯೇ ಹಲಸೂರು ಕೆರೆಯ ಕಡೆ ತಿರುಗಿಸಿದ. ಅವಳು ಬೇಡ ಎನ್ನಲಿಲ್ಲ.

ಕೆರೆಯ ದಾರಿಯಲ್ಲಿ ವಾದಿರಾಜ ತಾನಾಗಿಯೇ ನಡೆದು, ಕಂಬಿಯ ಬೇಲಿಯ ಒಂದು ಜಾಗದಲ್ಲಿ ನಿಂತುಕೊಂಡ. "ಅದೇ ಅವ್ರ ಜಾಗ" ಎಂದ ಶಫಿ. "ಇಲ್ಲಿ ನಿಂತ್ಕೊಂಡು ನೀರು ನೋಡೋರು. ಆಮೇಲೆ ಅಂಗಡೀಲಿ ಟೀ, ಬನ್. ಬನ್ನು ಮೂರು ಪಾಲು. ನಂಗೂ ಒಂದು ಪಾಲು ಕೊಡಿಸಿಯೇ ಇವ್ರು ತಿನ್ನೋದು." ಅವನು ನಕ್ಕ. ಅಂಬುಜಾ ನಗಲಿಲ್ಲ. ತಾನು ಕಚೇರಿಯಲ್ಲಿ ಕೂತಿದ್ದ ನೂರಾರು ಗುರುವಾರಗಳಲ್ಲಿ ತಮ್ಮನಿಗೆ ಒಂದು ಊರಿತ್ತು, ಗೆಳೆಯನಿದ್ದ, ಟೀ ಅಂಗಡಿಯಿತ್ತು. ಆ ಊರಿನಲ್ಲಿ ತಾನೊಬ್ಬಳು ಮಾತ್ರ ಇರಲಿಲ್ಲ.

ವಾದಿರಾಜ ನೀರು ನೋಡುತ್ತಿರಲಿಲ್ಲ. ದಾರಿಯಲ್ಲಿ ಬರುವ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ. ಅರ್ಧ ಗಂಟೆಯಾದ ಮೇಲೆ ಅವನ ತಲೆ ಮತ್ತೆ ಕೆಳಗಾಯಿತು.

ಶೇಷಮ್ಮನ ಹಳೆಯ ಫೋನ್ ನಂಬರು ಚಾಲ್ತಿಯಲ್ಲಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳ ಮನೆ ಎಲ್ಲಿ ಎಂದು ಅಂಬುಜಾ ಒಮ್ಮೆಯೂ ಕೇಳಿರಲಿಲ್ಲ. ಶಫಿಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ತಮ್ಮನನ್ನು ಸುಭದ್ರಮ್ಮನ ಹತ್ತಿರ ಬಿಟ್ಟು ಅವಳು ಶಫಿಯ ಆಟೊದಲ್ಲಿ ಕೆ.ಆರ್. ಪುರಕ್ಕೆ ಹೋದಳು. ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಸಾಲಾಗಿ ಕೋಣೆಗಳು, ಎದುರಿಗೆ ಒಂದೇ ನಲ್ಲಿ. ಶೇಷಮ್ಮನ ಗಂಡ ಪೀರಪ್ಪ ಬಾಗಿಲು ತೆಗೆದು ಒಳಕ್ಕೆ ಕೂಗಿದ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಶೇಷಮ್ಮ, ಅಂಬುಜಾಳನ್ನು ಕಂಡವಳೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅವರು ಆರಾಮ ಅದಾರಿಲ್ರಿ ಅಕ್ಕಾರ?"

"ಇಲ್ಲ ಶೇಷಮ್ಮ. ಊಟ ಬಿಟ್ಟಿದಾನೆ. ನೀವು ಒಂದ್ಸಲ ಬರ್ಬೇಕು."

ಹನ್ನೊಂದು ವರ್ಷ ಏಕವಚನದಲ್ಲಿ ಕರೆದವಳಿಗೆ ಆ ಹೊಸಿಲಲ್ಲಿ ಬಹುವಚನ ತಾನಾಗಿ ಬಾಯಿಗೆ ಬಂತು. ಶೇಷಮ್ಮ ಚಾಪೆ ಹಾಸಿದಳು. ಅಂಬುಜಾ ಎಲ್ಲವನ್ನೂ ಹೇಳಿದಳು, ಮಾತ್ರೆಯದ್ದು, ಬಿದ್ದದ್ದು, ಡಾಕ್ಟರ್ ಕೇಳಿದ್ದು. ಅವನು ಅಪ್ಪನನ್ನು ಕರೆಯುತ್ತಿರುತ್ತಾನೆ ಎಂದಾಗ ಶೇಷಮ್ಮ ತಡೆದಳು.

"ಹೆಂಗ ಕರೀತಾರ್ರಿ?"

"ಯಪ್ಪಾ ಅಂತಾನೆ."

"ಅದು ನಾನ್ರಿ ಅಕ್ಕಾರ. ನಮ್ಮ ಕಡಿ ಮಕ್ಕಳಿಗಿ ಯಪ್ಪಾ ಅಂತ ಕರೀತೀವಲ್ರಿ. ಉಣ್ಣು ಯಪ್ಪಾ, ಏಳು ಯಪ್ಪಾ ಅಂತ ದಿನಾ ಅಂತಿದ್ದೆ. ಅದನ್ನೇ ಅವರು ನನ್ನ ಹೆಸರು ಅಂದ್ಕೊಂಡಾರ."

ಅಂಬುಜಾ ಕಣ್ಣು ಒರೆಸಿಕೊಳ್ಳಲಿಲ್ಲ, ಏಕೆಂದರೆ ಅಳು ಬರಲಿಲ್ಲ. ಬಂದದ್ದು ಬೇರೆಯೇ. ತಮ್ಮನ ಐದಾರು ಶಬ್ದಗಳಲ್ಲಿ ತನಗೆಂದು ಒಂದೂ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

"ಮತ್ತೆ ಕೆಲಸಕ್ಕೆ ಬರ್ತೀರಾ? ಮೊದಲಿನ ಹಾಗೇ?"

"ಬರಾಕ ಆಗಂಗಿಲ್ರಿ. ಹೊರಮಾವಿನಾಗ ಒಂದ್ ಅಪಾರ್ಟ್‌ಮೆಂಟಿನ್ಯಾಗ ಹಾಸಿಗಿ ಹಿಡಿದ ಮುದುಕಿನ್ನ ನೋಡ್ಕೊಳ್ಳಾಕತ್ತೀನಿ. ಅಕೀಗೆ ಈಗ ನಾನು ಗುರ್ತಾಗೀನಿ. ಅಕೀನ್ನೂ ಹಂಗ ಬಿಟ್ಟು ಬಂದ್ರ ಹೆಂಗ್ರಿ?" ಎಂದ ಶೇಷಮ್ಮ, ಅಂಬುಜಾ ಎದ್ದು ನಿಂತ ಮೇಲೆ ಸೇರಿಸಿದಳು, "ಎರಡು ವಾರಕ್ಕೊಂದು ಐತವಾರ ಸೂಟಿ ಅದ. ಅವತ್ತು ಬರ್ತೀನ್ರಿ. ಅವರನ್ನ ಬಿಟ್ಟು ಬಂದ ಮ್ಯಾಗ ನನಗೂ ನಾಕ್ ದಿನ ಅನ್ನ ಸೇರಿದ್ದಿಲ್ಲ."

ಮುಂದಿನ ಭಾನುವಾರ ಅವಳು ಬಂದಳು. ವಾದಿರಾಜ ಓಡಿ ಬರುತ್ತಾನೆ ಎಂದು ಅಂಬುಜಾ ನಿರೀಕ್ಷಿಸಿದ್ದಳು. ಅವನು ಶೇಷಮ್ಮನನ್ನು ಒಂದು ಕ್ಷಣ ನೋಡಿ, ಗೋಡೆಯ ಕಡೆ ತಿರುಗಿ ಕೂತ. ಶೇಷಮ್ಮ ಅವನ ಬೆನ್ನ ಹಿಂದೆ ನೆಲದ ಮೇಲೆ ಕೂತಳು. "ತಪ್ಪಾತು ಯಪ್ಪಾ" ಎಂದಳು. ಒಂದು ಗಂಟೆಯ ಮೇಲಾಯಿತು. ಅವನ ಕೈ ತಡವುತ್ತ ಹಿಂದಕ್ಕೆ ಬಂದು ಅವಳ ಸೆರಗಿನ ಅಂಚನ್ನು ಹಿಡಿದುಕೊಂಡಿತು. ಊಟದ ಹೊತ್ತಿಗೆ ಅವನು ಒಂದು ತಟ್ಟೆ ಮೊಸರನ್ನ ತಿಂದ. ಅಂಬುಜಾ ಅಡುಗೆಮನೆಯಲ್ಲಿ ನಿಂತೇ ಇದ್ದಳು. ಸಂತೋಷಪಡಬೇಕಾದ ಹೊತ್ತಿನಲ್ಲಿ ಎದೆಯಲ್ಲಿ ಏನೋ ಚುಚ್ಚುತ್ತಿತ್ತು, ಅದಕ್ಕಾಗಿ ನಾಚಿಕೆಯೂ ಆಗುತ್ತಿತ್ತು.

ಶೇಷಮ್ಮ ಅವಳನ್ನು ಕರೆದು ಒಂದೊಂದನ್ನೇ ತೋರಿಸಿದಳು. ಸ್ನಾನದ ನೀರನ್ನು ತಲೆಗೆ ಹಾಕುವ ಮೊದಲು ಪಾದಕ್ಕೆ ಹಾಕಬೇಕು. ಸಾರನ್ನ ಮೊಸರನ್ನ ಒಂದೇ ತಟ್ಟೆಯಲ್ಲಿ ಬಡಿಸಿದರೆ ಮುಟ್ಟುವುದಿಲ್ಲ. ಮಾತಾಡಿಸುವಾಗ ಎದುರಿಗಿಂತ ಪಕ್ಕದಲ್ಲಿ ಕೂತರೆ ಹೆದರುವುದಿಲ್ಲ. ಅಂಬುಜಾ ತಲೆಯಾಡಿಸುತ್ತ ಕೇಳಿದಳು. ಸಂಜೆ ಹೊರಡುವಾಗ ಶೇಷಮ್ಮ ಅವನ ಗಲ್ಲ ಹಿಡಿದು, "ಹೋಗಿ ಬರ್ತೀನಿ ಯಪ್ಪಾ" ಎಂದು ಹೇಳಿಯೇ ಹೋದಳು. ಅವನು ಬಾಗಿಲನ್ನು ಗುದ್ದುತ್ತ ಕಿರುಚಿದ. ಎದುರು ಮನೆಗಳ ಕಿಟಕಿಗಳು ತೆರೆದುಕೊಂಡವು.

"ಅಳ್ಲಿ ಬಿಡಿ" ಎಂದಳು ಗಗನಾ, ಅಂಬುಜಾ ಅದನ್ನು ಹೇಳಿದಾಗ. "ಹೋಗೋದನ್ನ ನೋಡಿದ್ರೆ ಬರೋದನ್ನೂ ನಂಬ್ತಾರೆ. ಕ್ಯಾಲೆಂಡರ್‌ನಲ್ಲಿ ಅವರು ಬರೋ ದಿನಕ್ಕೆ ಫೋಟೊ ಅಂಟಿಸಿ, ದಿನಾ ತೋರಿಸಿ. ಗುರುವಾರ ಕೆರೆಗೆ ನೀವೇ ಕರ್ಕೊಂಡು ಹೋಗಿ."

ಮಾತ್ರೆಯಿಂದ ಮೊದಲು ಎರಡು ಸಲ ವಾಂತಿಯಾಯಿತು, ಆಮೇಲೆ ಹೊಂದಿಕೊಂಡಿತು. ಜನವರಿಯ ಕೊನೆಗೆ ಅವನು ಬೆಳಗಿನವರೆಗೆ ನಿದ್ದೆ ಮಾಡತೊಡಗಿದ. ಕೈಯ ಹುಣ್ಣು ಒಣಗಿತು. ಗುರುವಾರ ಅಂಬುಜಾ ಕೆರೆಯ ಬೇಲಿಯ ಬಳಿ ಅವನ ಪಕ್ಕದಲ್ಲಿ ನಿಂತುಕೊಳ್ಳುತ್ತಿದ್ದಳು. ಬನ್ನಿನಲ್ಲಿ ಶಫಿಗೆ ಪಾಲು ಸಿಗುತ್ತಿತ್ತು. ಮೊದಲ ಕೆಲವು ವಾರ ಅವಳಿಗೆ ಸಿಗಲಿಲ್ಲ. ಆಮೇಲೆ ಒಂದು ದಿನ, ಅವಳ ಕಡೆ ನೋಡದೆಯೇ, ಅವನು ಒಂದು ಚೂರನ್ನು ಬೆಂಚಿನ ಮೇಲೆ ಅವಳ ಪಕ್ಕದಲ್ಲಿಟ್ಟ.

ಫೆಬ್ರವರಿಯಲ್ಲಿ ಅವಳು ಒಗ್ಗರಣೆಗೆ ಮೆಣಸಿನಕಾಯಿ ಹಾಕಿ ಒಂದೇ ಸಮ ಸೀನಿದಳು. ಹಿಂದಿನಿಂದ ಏನೋ ಸದ್ದು ಕೇಳಿಸಿತು. ತಿರುಗಿ ನೋಡಿದರೆ ನಡುಮನೆಯಲ್ಲಿ ಕೂತ ವಾದಿರಾಜ ನಗುತ್ತಿದ್ದ. ಅವಳು ಒಲೆ ಆರಿಸಿ ಬಂದು ಅವನ ಪಕ್ಕ ಕೂತು, ಬರದ ಸೀನನ್ನು ಹತ್ತು ಹನ್ನೆರಡು ಸಲ ಸೀನಿದಳು. ಪ್ರತಿ ಸಲವೂ ಅವನು ನಕ್ಕ. ಅದನ್ನು ಫೋನ್ ಮಾಡಿ ಹೇಳಬೇಕೆನ್ನಿಸಿತು. ಯಾರಿಗೆ ಎಂದು ಯೋಚಿಸಿದಾಗ ಶೇಷಮ್ಮನ ಹೆಸರೊಂದೇ ನೆನಪಿಗೆ ಬಂತು. ಅವಳು ಕೆಲಸದಲ್ಲಿದ್ದಳು, ಫೋನ್ ತೆಗೆಯಲಿಲ್ಲ.

ಏಪ್ರಿಲ್‌ನಲ್ಲಿ ಶೇಷಮ್ಮ ಊರಿನಲ್ಲಿ ಮದುವೆಯಿದೆ ಎಂದು ಹದಿನೈದು ದಿನಕ್ಕೆ ಯಾದಗಿರಿಗೆ ಹೋದಳು. ಹೇಳಿಯೇ ಹೋದಳು. ಆದರೂ ಅವಳು ಬರುವ ಸರದಿಯ ಭಾನುವಾರ ಬಂದಾಗ ವಾದಿರಾಜ ಬೆಳಿಗ್ಗೆಯೇ ಬಾಗಿಲ ಬಳಿ ಹೋಗಿ ಕೂತ. ಅಂಬುಜಾ ಅವನ ಪಕ್ಕದಲ್ಲಿ, ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಇವತ್ತು ಬರಲ್ಲ ವಾದಿ. ಊರಿಗೆ ಹೋಗಿದಾರೆ. ಮುಂದಿನ ಸಲ ಬರ್ತಾರೆ."

ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕೆಳತುಟಿ ಅದುರಿತು. ಅವನು ಅಳತೊಡಗಿದ, ಜೋರಾಗಿ ಅಲ್ಲ, ದೊಡ್ಡವರು ಅಳುವ ಹಾಗೆ. ಅಂಬುಜಾ ಸಮಾಧಾನ ಮಾಡಲು ಹೋಗಲಿಲ್ಲ, ತಿನ್ನಲು ಏನೂ ಕೊಡಲಿಲ್ಲ. "ನನಗೂ ಹಾಗೇ ಆಗ್ತಿದೆ ಕಣೋ" ಎಂದಳು. ಅದು ಸುಳ್ಳಾಗಿರಲಿಲ್ಲ. ಎರಡು ವಾರಕ್ಕೊಮ್ಮೆ ಆ ಮನೆಯಲ್ಲಿ ಮೂರನೆಯ ದನಿಯೊಂದು ಕೇಳುವುದು ಅವಳಿಗೂ ಬೇಕಾಗಿತ್ತು. ಕೆಳಗೆ ರಸ್ತೆಯಲ್ಲಿ ಭಾನುವಾರದ ಜನ ಓಡಾಡುತ್ತಿದ್ದರು, ಯಾರದೋ ಮನೆಗೆ ನೆಂಟರು ಬಂದ ಗದ್ದಲವಿತ್ತು. ಅವಳು ಅವನ ಕೈ ಹಿಡಿದಳು. ಅವನು ಅವಳ ಕಡೆ ತಿರುಗಲಿಲ್ಲ, ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ.

ಹನ್ನೆರಡು ಗಂಟೆಯ ಹೊತ್ತಿಗೆ ಅಳು ನಿಂತಿತು. ಅಂಬುಜಾ ಮಂಡಿ ಹಿಡಿದು ಎದ್ದು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದಳು. ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸದ್ದಾಯಿತು. ವಾದಿರಾಜ ಬಂದು ಅಡುಗೆಮನೆಯ ಹೊಸಿಲ ಮೇಲೆ ಕೂತು ಅವಳ ಕೈಗಳನ್ನೇ ನೋಡತೊಡಗಿದ. ಅನ್ನ ಬೇಯುವವರೆಗೆ ಇಬ್ಬರೂ ಹಾಗೆಯೇ ಇದ್ದರು.